ರಜೆಗೆ ಊರಿಗೆ ಹೊರಡುವ ಮುನ್ನ, ಕಾಂಪೌಂಡಿನ ಬೆಕ್ಕುಗಳ ನೆನಪಿರಲಿ



ಅಮೆರಿಕ, ಕೆನಡಾಗಳಲ್ಲಿರುವ ನಮ್ಮವರು ಬೀದಿ ಬೆಕ್ಕುಗಳನ್ನು ಹಿಮದಿಂದ ಉಳಿಸಲು ಡಬ್ಬಗಳಲ್ಲಿ ಒಣಹುಲ್ಲು ತುಂಬಿ ಗೂಡು ಮಾಡಿಡುತ್ತಾರೆ. ನಮ್ಮ ಕತಾರಿನಲ್ಲಿ ಲೆಕ್ಕ ತಿರುಗುಮುರುಗು! ಇಲ್ಲಿ ಚಳಿಗಾಲವೇ ಬೆಕ್ಕುಗಳಿಗೆ ಸುಗ್ಗಿ. ಮಕ್ಕಳು ಸಂಜೆ ಕೆಳಗಿಳಿದು ಆಡುತ್ತಾರೆ, ಜೊತೆಗೆ ತಿಂಡಿಯನ್ನೂ ತರುತ್ತಾರೆ. ಬೆಳಿಗ್ಗೆ ಕಾರು ಹೊರಡಿಸುವ ಮೊದಲು ಬಾನೆಟ್ ಮೇಲೆ ಎರಡೇಟು ತಟ್ಟಿದರೆ ಸಾಕು, ಬೆಚ್ಚಗಿನ ಇಂಜಿನ್ ಬಳಿ ಮಲಗಿದ ಮರಿ ಎದ್ದು ಓಡುತ್ತದೆ.

ಕಷ್ಟ ಬರುವುದು ಬೇಸಿಗೆಯಲ್ಲಿ. 2010ರ ಜುಲೈನಲ್ಲಿ ದೋಹಾದಲ್ಲಿ 50.4 ಡಿಗ್ರಿ ಉಷ್ಣತೆ ದಾಖಲಾಗಿತ್ತು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ 2021ರಲ್ಲಿ ಬಂದಿದೆ. ಸರಿಯಾಗಿ ಅದೇ ಹೊತ್ತಿಗೆ ಶಾಲೆಗೆ ರಜೆ, ನಾವೆಲ್ಲ ಬೆಂಗಳೂರು, ಮಂಗಳೂರಿನ ವಿಮಾನ ಹತ್ತಿರುತ್ತೇವೆ! ಎಂಟು ತಿಂಗಳು ನಮ್ಮ ಕೈಯಿಂದ ತಿಂದು ಅಭ್ಯಾಸವಾದ ಬೆಕ್ಕು ಬಾಗಿಲು ಕಾಯುತ್ತಾ ಕೂರುತ್ತದೆ. ಒಮ್ಮೆ ನಾವೂ ಒಂದು ಬಕೆಟ್ ನೀರು, ಒಂದು ರಾಶಿ ಒಣ ಆಹಾರ ಇಟ್ಟು ನಿಶ್ಚಿಂತೆಯಿಂದ ಹೋಗಿದ್ದೆವು. ಆಗಸ್ಟ್ ಕೊನೆಯಲ್ಲಿ ಮರಳಿದಾಗ ಮೂರು ಬೆಕ್ಕುಗಳಲ್ಲಿ ಒಂದೇ ಉಳಿದಿತ್ತು. ಮಗಳು ಇನ್ನೂ ಅದನ್ನು ಮರೆತಿಲ್ಲ.

"ಮರುಭೂಮಿಯ ಪ್ರಾಣಿಗೆ ಬಿಸಿಲೇನು?" ಎನ್ನುವವರಿದ್ದಾರೆ. ಮಾತಿನಲ್ಲಿ ಅರ್ಧ ಸತ್ಯವಿದೆ. ನಮ್ಮ ಮನೆಬೆಕ್ಕುಗಳ ಮೂಲ ಪಶ್ಚಿಮ ಏಷ್ಯಾದ ಕಾಡುಬೆಕ್ಕು ಎಂದು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿದೆ. ಆದರೆ ಆ ಕಾಡುಬೆಕ್ಕು ಹಗಲಿನ ಬಿಸಿಲನ್ನು ಬಿಲದಲ್ಲೋ ಬಂಡೆಯ ಸಂದಿಯಲ್ಲೋ ಕಳೆದು, ರಾತ್ರಿ ಇಲಿ ಹಿಡಿಯುತ್ತದೆ. ಇಲಿಯ ಮೈಯ ಬಹುಪಾಲು ನೀರೇ. ನಜ್ಮಾ, ಬಿನ್ ಮಹಮೂದ್ ಗಲ್ಲಿಗಳ ಬೆಕ್ಕಿಗೆ ಸಿಗುವುದು ಕಾದ ಡಾಂಬರು, ಒಣ ಆಹಾರ ಮತ್ತು ಏಸಿಯಿಂದ ತೊಟ್ಟಿಕ್ಕುವ ಹನಿ.

ಆದ್ದರಿಂದ ಮೊದಲು ನೀರು. ಬೇಸಿಗೆಯಲ್ಲಿ ಇಲ್ಲಿನ ನಲ್ಲಿ ತಿರುಗಿಸಿದರೆ ಬಿಸಿನೀರೇ ಬರುವುದು, ತಾರಸಿಯ ಟ್ಯಾಂಕ್ ಕಾದಿರುತ್ತದಲ್ಲ! ನೀರನ್ನು ಮನೆಯೊಳಗೆ ಬಕೆಟಿನಲ್ಲಿ ಹಿಡಿದು ತಣಿಸಿ ಹೊರಗಿಡಿ. ಸ್ಟೀಲ್ ತಟ್ಟೆ ಬೇಡ, ಅಗಲ ಬಾಯಿಯ ಮಣ್ಣಿನ ಪಾತ್ರೆ ಒಳ್ಳೆಯದು. ಒಂದೇ ದೊಡ್ಡ ಪಾತ್ರೆಗಿಂತ ಎರಡು ಮೂರು ಕಡೆ ಇಟ್ಟರೆ ಜಗಳವೂ ಕಡಿಮೆ.

ನೆರಳಿನ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತೇವೆ. ದೋಹಾ 25 ಡಿಗ್ರಿ ಉತ್ತರದಲ್ಲಿದೆ, ಜೂನ್ ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ಬೆಳಿಗ್ಗೆ ಗೋಡೆಯ ಪಕ್ಕ ಕಂಡ ನೆರಳು ಹನ್ನೆರಡಕ್ಕೆ ಮಾಯ. ಮೇಲೊಂದು ಹೊದಿಕೆ ಬೇಕೇ ಬೇಕು. ಮೆಟ್ಟಿಲ ಕೆಳಗಿನ ಜಾಗ, ಕಾರ್ ಶೆಡ್, ಅಥವಾ ಇಟ್ಟಿಗೆಯ ಮೇಲೆ ಅಡ್ಡ ಇಟ್ಟ ಹಳೆಯ ಹಲಗೆ, ಎರಡೂ ಕಡೆ ಗಾಳಿಯಾಡುವಂತೆ. ಮುಚ್ಚಿದ ರಟ್ಟಿನ ಡಬ್ಬ ಒಲೆಯಂತಾಗುತ್ತದೆ. ಊಟ ಸೂರ್ಯ ಮುಳುಗಿದ ಮೇಲೆ ಕೊಡಿ. ಮಿಕ್ಕ ಸಾಂಬಾರನ್ನ ಸುರಿಯಬೇಡಿ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ.

ನಾಯಿ ಬಾಯಿ ತೆರೆದು ಏದುಸಿರು ಬಿಡುವುದು ಸಹಜ, ಬೆಕ್ಕು ಹಾಗೆ ಮಾಡಿದರೆ ಅಪಾಯ. ಜೊಲ್ಲು ಸುರಿಸುತ್ತಾ ತೂರಾಡುತ್ತಿದ್ದರೆ ಕೂಡಲೇ ಒಳಗೆ ತಂದು, ಮೈ ಮತ್ತು ಪಾದಗಳನ್ನು ತಣ್ಣೀರಿನಿಂದ (ಐಸ್ ಬೇಡ) ಒದ್ದೆ ಮಾಡಿ, ಫ್ಯಾನ್ ಹಾಕಿ ಪಶುವೈದ್ಯರಲ್ಲಿಗೆ ಒಯ್ಯಿರಿ. ಮೈ ಸುಡುತ್ತಿದೆಯೆಂದು ಪನಾಡಾಲ್, ಕ್ರೋಸಿನ್ ಕೊಡುವ ಯೋಚನೆ ಮಾತ್ರ ಬೇಡವೇ ಬೇಡ. ಪ್ಯಾರಾಸಿಟಮಾಲ್ ಅರ್ಧ ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಇನ್ನು ಪ್ರಯಾಣದ ಮಾತು. ಸೂಟ್‌ಕೇಸ್ ತೂಕ ಹಾಕುವ ವಾರದಲ್ಲೇ ರಜೆಗೆ ಹೋಗದ ಒಬ್ಬರನ್ನು ಹುಡುಕಿಕೊಳ್ಳಿ. ಬ್ಯಾಚುಲರ್ ಗೆಳೆಯರಾಗಲಿ, ವಾಚ್‌ಮನ್ ಆಗಲಿ. ಅವರನ್ನು ಎರಡು ಸಂಜೆ ಜೊತೆಗೆ ಕರೆದೊಯ್ದು ಬೆಕ್ಕುಗಳ ಪರಿಚಯ ಮಾಡಿಸಿ, ಪಾತ್ರೆಗಳ ಜಾಗ ತೋರಿಸಿ. ಆಹಾರದ ಚೀಲ ಕೊಟ್ಟು ಹೋಗಿ, ಅವರ ಕೈಯಿಂದ ಖರ್ಚು ಮಾಡಿಸಬೇಡಿ. ಒಂದು ಕಿವಿಯ ತುದಿ ಕತ್ತರಿಸಿದ್ದರೆ ಆ ಬೆಕ್ಕಿಗೆ ಸಂತಾನಹರಣ ಆಗಿದೆ ಎಂದರ್ಥ. ಆಗದಿದ್ದರೆ ಆ ಕೆಲಸವನ್ನು ತಂಪು ತಿಂಗಳುಗಳಲ್ಲಿ ಮುಗಿಸಿ. ಬೆಕ್ಕಿನ ಬಸಿರು ಒಂಬತ್ತು ವಾರ ಮಾತ್ರ. ಏಪ್ರಿಲ್‌ನಲ್ಲಿ ಗರ್ಭ ಕಟ್ಟಿದರೆ ಮರಿ ಹುಟ್ಟುವುದು ಜೂನ್ ಬಿಸಿಲಿಗೆ!

ಆಗಸ್ಟ್ ಕೊನೆಯ ವಾರದಲ್ಲಿ ಇಲ್ಲಿನವರು ಸುಹೈಲ್ ನಕ್ಷತ್ರಕ್ಕಾಗಿ ದಕ್ಷಿಣದ ಆಕಾಶ ನೋಡುತ್ತಾರೆ, ಅದು ಕಂಡರೆ ಸೆಖೆ ಇಳಿಯುವ ಕಾಲ ಬಂತೆಂದು ಲೆಕ್ಕ. ನಮ್ಮ ಅಗಸ್ತ್ಯ ನಕ್ಷತ್ರವೇ ಅದು. ಅದು ಮೂಡಿದ ಮೇಲೂ ಕೆಲವು ವಾರ ತೇವದ ಧಗೆ ಇರುತ್ತದೆ, ನೀರಿನ ಪಾತ್ರೆ ಅಕ್ಟೋಬರ್‌ವರೆಗೂ ಹೊರಗೇ ಇರಲಿ.