ಡೀಸೆಲ್ ಲಾರಿಯಂತ್ರದ ಅಧೋಭಾಗ: ದೃಢೀಕರಣದ ಕ್ರಮವೂ ಪದಗಳ ವಿಚಾರವೂ

೧. ವಿಷಯಪ್ರವೇಶ

ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ನಿರೂಪಿಸುವುದು ಶಾಸ್ತ್ರಕಾರರ ಸಂಪ್ರದಾಯವಷ್ಟೆ. ಅದನ್ನು ಅನುಸರಿಸಿ ಹೇಳುವುದಾದರೆ, ಡೀಸೆಲ್ ಲಾರಿಯಂತ್ರದ ಅಧೋಭಾಗವನ್ನು ಅದು ತಯಾರಾದಾಗ ಕೊಡುತ್ತಿದ್ದುದರ ಹಲವು ಮಡಿ ಅಶ್ವಶಕ್ತಿಯನ್ನು ತಾಳುವಂತೆ ದೃಢಪಡಿಸುವ ಕ್ರಮವೇ ಇಲ್ಲಿನ ವಿಷಯ. ಯಂತ್ರವು ಯಾವ ಸ್ಥಾನದಲ್ಲಿ, ಏಕೆ ಮುರಿಯುತ್ತದೆಂಬ ತಿಳಿವಳಿಕೆ ಮೊದಲನೆಯ ಪ್ರಯೋಜನ. ಆ ತಿಳಿವಳಿಕೆಯನ್ನು ಕನ್ನಡದಲ್ಲಿ ಸಂದಿಗ್ಧವಿಲ್ಲದೆ ಹೇಳಲು ಬೇಕಾದ ಮಾತುಗಳ ನಿಷ್ಕರ್ಷೆ ಎರಡನೆಯದು. ಯಂತ್ರಶಾಸ್ತ್ರವನ್ನು ಓದದಿದ್ದರೂ ಪದಾರ್ಥವಿಚಾರದಲ್ಲಿ ಆದರವುಳ್ಳ ಉಪಾಧ್ಯಾಯರೂ ವಿದ್ವಾಂಸರೂ ಇದಕ್ಕೆ ಅಧಿಕಾರಿಗಳು.

ಈ ಎರಡು ಪ್ರಯೋಜನಗಳನ್ನು ಒಟ್ಟಿಗೆ ಹೇಳಿದುದಕ್ಕೆ ಕಾರಣವುಂಟು. ನಮ್ಮ ವಿಜ್ಞಾನದ ಬರಹಗಳಲ್ಲಿ ‘ಒತ್ತಡ’ ಎಂಬ ಒಂದೇ ಪದವು ಅನಿಲದ ಒತ್ತುವಿಕೆಗೂ, ಲೋಹದ ಒಳಗೆ ಹುಟ್ಟುವ ಪ್ರತಿಬಲಕ್ಕೂ, ಬೋಲ್ಟಿನ ಮೇಲಿನ ಎಳೆತಕ್ಕೂ ಸಲ್ಲುತ್ತಿರುವುದನ್ನು ವಾಚಕರು ಕಂಡಿರಬಹುದು. ‘ಒತ್ತಡದಿಂದ ಬೋಲ್ಟು ಮುರಿಯಿತು’ ಎಂಬ ವಾಕ್ಯವು ವ್ಯಾಕರಣದಲ್ಲಿ ಶುದ್ಧವಾಗಿದೆ. ಆದರೆ ಒತ್ತಿದ್ದರಿಂದ ಬೋಲ್ಟು ಮುರಿಯುವುದಿಲ್ಲ, ಎಳೆದುದರಿಂದ ಮುರಿಯುತ್ತದೆ. ಆ ವಾಕ್ಯವನ್ನು ನಂಬಿದ ವಿದ್ಯಾರ್ಥಿಯು ದೋಷವಿರುವ ಸ್ಥಾನವನ್ನು ಬಿಟ್ಟು ಇನ್ನೊಂದು ಸ್ಥಾನವನ್ನು ಬಲಪಡಿಸುತ್ತಾನೆ. ಪದದ ತಪ್ಪು ಇಲ್ಲಿ ಲೋಹದ ತಪ್ಪಾಗಿ ಪರಿಣಮಿಸುತ್ತದೆ.

೨. ಯಂತ್ರದ ಸ್ವರೂಪ

ರುಡಾಲ್ಫ್ ಡೀಸೆಲನು (೧೮೫೮–೧೯೧೩) ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ೧೮೯೭ರಲ್ಲಿ ಸಿದ್ಧಿಗೆ ತಂದ ಯಂತ್ರದ ತತ್ತ್ವವು ಸರಳವಾದದ್ದು. ಗಾಳಿಯನ್ನು ಬಹಳವಾಗಿ ಅದುಮಿದರೆ ಅದು ತಾನಾಗಿಯೇ ಕಾಯುತ್ತದೆ. ಆ ಕಾವಿನೊಳಕ್ಕೆ ಎಣ್ಣೆಯನ್ನು ಚಿಮ್ಮಿಸಿದರೆ ಕಿಡಿಯ ಸಹಾಯವಿಲ್ಲದೆ ಉರಿಯುತ್ತದೆ. ಇಂಥ ಯಂತ್ರದ ಒಳಗಿನ ಒತ್ತಡವು ಸ್ವಭಾವತಃ ಹೆಚ್ಚು. ಆದುದರಿಂದ ಅಂಗಗಳೂ ಮೊದಲಿನಿಂದಲೇ ತೋರವಾಗಿರುತ್ತವೆ.

ಉದಾಹರಣೆಗೆ ಅಮೆರಿಕದ ಕಮಿನ್ಸ್ ಸಂಸ್ಥೆಯ ‘ಬಿ’ ವಂಶದ ೫.೯ ಲೀಟರಿನ ಯಂತ್ರವನ್ನು ತೆಗೆದುಕೊಳ್ಳೋಣ. ಇದನ್ನು ೧೯೮೯ರ ಮಾದರಿಯ ಡಾಜ್ ರಾಮ್ ಪಿಕಪ್ ಲಾರಿಯಲ್ಲಿ ಅಳವಡಿಸಿದರು. ಇದೇ ವಂಶದ ಯಂತ್ರಗಳು ಜಮ್‌ಶೇಡ್‌ಪುರದಲ್ಲಿ ತಯಾರಾಗಿ ಟಾಟಾ ಲಾರಿಗಳ ಮೂಲಕ ನಮ್ಮ ದೇಶದ ರಸ್ತೆಗಳ ಮೇಲೂ ಓಡಿವೆ. ಒಂದೇ ಸಾಲಿನಲ್ಲಿ ನಿಂತ ಆರು ಸಿಲಿಂಡರುಗಳು. ಒಂದೊಂದರ ಒಳವ್ಯಾಸ ೧೦೨ ಮಿಲಿಮೀಟರು, ಪಿಸ್ಟನ್ನಿನ ಓಟ ೧೨೦ ಮಿಲಿಮೀಟರು. ಆ ಲಾರಿಯಲ್ಲಿ ಇದರ ಶಕ್ತಿ ೧೬೦ ಅಶ್ವಶಕ್ತಿ, ತಿರುಗುಬಲ ಸುಮಾರು ೫೪೨ ನ್ಯೂಟನ್-ಮೀಟರು. ಅಮೆರಿಕದಲ್ಲಿ ಭಾರವೆಳೆಯುವ ಪಂದ್ಯಗಳಿಗೂ ಓಟದ ಪಂದ್ಯಗಳಿಗೂ ಇದೇ ಯಂತ್ರವನ್ನು ೧೦೦೦ ಅಶ್ವಶಕ್ತಿಗೂ ಮೇಲಕ್ಕೆ ಏರಿಸುವವರಿದ್ದಾರೆ. ಎಣ್ಣೆಯನ್ನೂ ಗಾಳಿಯನ್ನೂ ಹೆಚ್ಚಾಗಿ ತುಂಬುವುದು ಮೇಲ್ಭಾಗದ ಕೆಲಸ. ಅದರ ಫಲವನ್ನು ಹೊರುವುದು ಕೆಳಭಾಗ.

ಕೆಳಭಾಗವೆಂದರೆ ಇಷ್ಟು: ಪಿಸ್ಟನ್ನಿನಿಂದ ಇಳಿಯುವ ಕನೆಕ್ಟಿಂಗ್ ರಾಡು, ಅದರ ಕೆಳತುದಿಯನ್ನು ಎರಡು ಹೋಳಾಗಿ ಹಿಡಿಯುವ ಕ್ಯಾಪೂ ಬೋಲ್ಟುಗಳೂ, ನೇರವಾದ ಓಟವನ್ನು ಸುತ್ತನ್ನಾಗಿ ಮಾಡುವ ಕ್ರ್ಯಾಂಕ್ ಷಾಫ್ಟು, ಅದನ್ನು ಹೊರುವ ಏಳು ಮುಖ್ಯ ಬೇರಿಂಗುಗಳು, ಬೇರಿಂಗುಗಳನ್ನು ಕೆಳಗಿನಿಂದ ತಬ್ಬಿರುವ ಮುಖ್ಯ ಕ್ಯಾಪುಗಳು, ಇವೆಲ್ಲಕ್ಕೂ ಆಶ್ರಯವಾದ ಎರಕದ ಕಬ್ಬಿಣದ ಬ್ಲಾಕು. ಅಂಗಗಳಿಗೆ ಕಾರ್ಯಾಗಾರದಲ್ಲಿ ನೆಲೆಗೊಂಡಿರುವ ಹೆಸರುಗಳನ್ನೇ ಇಟ್ಟುಕೊಂಡಿದ್ದೇನೆ. ವಸ್ತುವಿನ ಹೆಸರು ಯಾವ ಭಾಷೆಯಿಂದ ಬಂದರೂ ಬಾಧಕವಿಲ್ಲ, ಬೆರಳಿಟ್ಟು ತೋರಿಸಬಹುದು. ಕ್ರಿಯೆಯನ್ನು ಬೆರಳಿಟ್ಟು ತೋರಿಸಲಾಗದು. ಅದರ ಹೆಸರೇ ಅರ್ಥವನ್ನು ಎಬ್ಬಿಸಬೇಕು.

೩. ನಾಲ್ಕು ಕ್ರಿಯೆಗಳು

ಒಂದು ಲೋಹಖಂಡಕ್ಕೆ ಬಲವು ಮಾಡಬಹುದಾದ ಮುಖ್ಯ ಉಪದ್ರವಗಳು ನಾಲ್ಕು: ಒತ್ತುವುದು, ಎಳೆಯುವುದು, ಬಾಗಿಸುವುದು, ತಿರುಚುವುದು. ಇವಕ್ಕೆ ಪೀಡನ, ಕರ್ಷಣ, ನಮನ, ವ್ಯಾವರ್ತನ ಎಂದು ಸಂಸ್ಕೃತಪದಗಳನ್ನು ಕೊಡಬಹುದು. ಆದರೆ ಪೀಡನವೆಂದರೆ ಹಿಂಸೆಯೆಂದೂ, ನಮನವೆಂದರೆ ವಂದನೆಯೆಂದೂ ಕನ್ನಡಿಗನ ಕಿವಿಗೆ ಮೊದಲು ಕೇಳಿಸುತ್ತದೆ. ಒತ್ತು, ಎಳೆ, ಬಾಗು, ತಿರುಚು ಎಂಬ ದೇಶ್ಯಧಾತುಗಳಲ್ಲಿ ಈ ತೊಡಕಿಲ್ಲ. ಹಿಂಡಿದ ಬಟ್ಟೆಯನ್ನು ಕಂಡವರೆಲ್ಲರಿಗೂ ತಿರುಚು ಎಂಬುದರ ಅರ್ಥ ಗೊತ್ತು. ಸಂಸ್ಕೃತಪಾಠಶಾಲೆಯಲ್ಲಿ ಓದಿದವನಾದರೂ ಈ ಸ್ಥಳದಲ್ಲಿ ಕನ್ನಡವೇ ಸಾಧುವೆಂದು ನನ್ನ ಅಭಿಪ್ರಾಯ. ಇನ್ನು ಮುಂದೆ ಈ ನಾಲ್ಕು ಧಾತುಗಳಿಂದಲೇ ವಿಷಯವನ್ನು ಬಿಡಿಸೋಣ.

೪. ಒತ್ತು ಎಳೆತವಾಗುವ ಬಗೆ

೧೦೨ ಮಿಲಿಮೀಟರು ವ್ಯಾಸದ ಪಿಸ್ಟನ್ನಿನ ನೆತ್ತಿಯ ವಿಸ್ತಾರ ಸುಮಾರು ೮೧.೭ ಚದರ ಸೆಂಟಿಮೀಟರು. ಉರಿಯುವ ಅನಿಲದ ಒತ್ತಡವು ೧೫೦ ಬಾರ್ ಎಂದು ಭಾವಿಸಿದರೆ ಪಿಸ್ಟನ್ನಿನ ಮೇಲೆ ಬೀಳುವ ಭಾರವು ಹನ್ನೆರಡೂವರೆ ಟನ್ನಿನಷ್ಟಾಗುತ್ತದೆ. ೨೫೦ ಬಾರ್ ಎಂದರೆ ಸುಮಾರು ೨೦.೮ ಟನ್ನು. ಈ ಭಾರವು ರಾಡನ್ನು ಒತ್ತುತ್ತದೆ. ಉದ್ದವಾದ ಕೋಲನ್ನು ಎರಡು ತುದಿಗಳಿಂದ ಒತ್ತಿದರೆ ಅದು ಪುಡಿಯಾಗುವುದಕ್ಕೆ ಮೊದಲೇ ಪಕ್ಕಕ್ಕೆ ಬಾಗುತ್ತದೆ; ಅತಿಯಾದ ಒತ್ತಡಕ್ಕೆ ಸಿಕ್ಕಿದ ರಾಡಿನ ಗತಿಯೂ ಅದೇ.

ರಾಡಿನಿಂದ ಭಾರವು ಕ್ರ್ಯಾಂಕ್ ಷಾಫ್ಟಿಗೆ ಇಳಿಯುತ್ತದೆ. ಷಾಫ್ಟನ್ನು ಕೆಳಗೆ ಬೀಳದಂತೆ ಹಿಡಿದಿರುವುದು ಮುಖ್ಯ ಕ್ಯಾಪು. ಕ್ಯಾಪನ್ನು ಹಿಡಿದಿರುವುದು ಬೋಲ್ಟು. ಹೀಗೆ ಮೇಲೆ ಒತ್ತಾಗಿದ್ದುದು ಕೆಳಗೆ ಬಂದು ಎಳೆತವಾಯಿತು. ಅತ್ತ ಅದೇ ಅನಿಲವು ಸಿಲಿಂಡರಿನ ಮುಚ್ಚಳವನ್ನು ಮೇಲಕ್ಕೆ ನೂಕುತ್ತಿರುತ್ತದೆ. ಮುಚ್ಚಳವು ಮೇಲಕ್ಕೆ, ಕ್ಯಾಪು ಕೆಳಕ್ಕೆ. ನಡುವಣ ಬ್ಲಾಕು ಎರಡು ಕಡೆಗೂ ಎಳೆಸಿಕೊಳ್ಳುತ್ತದೆ. ಎರಕದ ಕಬ್ಬಿಣವು ಒತ್ತನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ಅಷ್ಟಾಗಿ ತಾಳದು. ‘ಒತ್ತಡ’ವೆಂಬ ಒಂದೇ ಪದದಿಂದ ಎಲ್ಲವನ್ನೂ ಹೇಳಹೊರಟವನಿಗೆ ಈ ರಹಸ್ಯವು ಕಾಣುವುದೇ ಇಲ್ಲ.

೫. ವೇಗದಿಂದ ಬರುವ ಎಳೆತ, ಸಿಡಿತದಿಂದ ಬರುವ ತಿರುಚು

ಅಶ್ವಶಕ್ತಿಯು ತಿರುಗುಬಲ ಮತ್ತು ವೇಗ ಎಂಬ ಎರಡರ ಗುಣಲಬ್ಧ. ೧೦೦೦ ಅಶ್ವಶಕ್ತಿಯನ್ನು ನಿಮಿಷಕ್ಕೆ ೩೦೦೦ ಸುತ್ತಿನಲ್ಲಿ ಪಡೆಯಬೇಕಾದರೆ ಸುಮಾರು ೨೩೭೦ ನ್ಯೂಟನ್-ಮೀಟರು ತಿರುಗುಬಲ ಬೇಕು. ೪೦೦೦ ಸುತ್ತಿನಲ್ಲಾದರೆ ೧೭೮೦ ಸಾಕು. ಹಾಗಿದ್ದರೆ ವೇಗವನ್ನೇ ಹೆಚ್ಚಿಸಿ ಒತ್ತಡವನ್ನು ತಗ್ಗಿಸಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ.

ಉತ್ತರವೇನೆಂದರೆ, ವೇಗವು ಬೇರೊಂದು ಬಗೆಯ ತೆರಿಗೆಯನ್ನು ವಸೂಲು ಮಾಡುತ್ತದೆ. ಪಿಸ್ಟನ್ನು ಮೇಲಕ್ಕೇರಿ ನಿಂತು ಹಿಂದಿರುಗುವಾಗ ಅದನ್ನು ತಡೆದು ಕೆಳಕ್ಕೆಳೆಯುವುದು ರಾಡು. ಪಿಸ್ಟನ್ನೇ ಮೊದಲಾದ ಏರಿಳಿಯುವ ಅಂಗಗಳ ತೂಕ ಎರಡೂವರೆ ಕಿಲೋಗ್ರಾಮು ಎಂದಿಟ್ಟುಕೊಂಡರೆ, ೨೫೦೦ ಸುತ್ತಿನಲ್ಲಿ ಈ ಎಳೆತವು ಸುಮಾರು ೧.೪ ಟನ್ನು, ೪೦೦೦ ಸುತ್ತಿನಲ್ಲಿ ಸುಮಾರು ೩.೫ ಟನ್ನು. ವೇಗವು ೧.೬ ಮಡಿಯಾದರೆ ಎಳೆತವು ಅದರ ವರ್ಗದಂತೆ ೨.೫೬ ಮಡಿಯಾಗುವುದು. ಹೊಗೆಯನ್ನು ಹೊರಹಾಕುವ ಓಟದ ಕೊನೆಯಲ್ಲಿ ಪಿಸ್ಟನ್ನಿನ ಮೇಲೆ ಅನಿಲದ ಎದುರೊತ್ತು ಇರುವುದಿಲ್ಲವಾದ್ದರಿಂದ ಆ ಎಳೆತವೆಲ್ಲ ರಾಡಿನ ಕ್ಯಾಪಿಗೂ ಅದರ ಸಣ್ಣ ಬೋಲ್ಟುಗಳಿಗೂ ಬೀಳುತ್ತದೆ. ೨೦ ಟನ್ನಿನ ಮುಂದೆ ೩.೫ ಟನ್ನು ಅಲ್ಪವೆಂದು ತೋರಬಹುದು. ಆದರೆ ಎರಡು ಸುತ್ತಿಗೊಮ್ಮೆ ಒತ್ತು, ಎಳೆತ, ಒತ್ತು, ಎಳೆತ ಎಂದು ಸರದಿಯಾಗಿ ಬರುವ ಭಾರಕ್ಕೆ ಲೋಹವು ಬಳಲುತ್ತದೆ. ಒಮ್ಮೆಗೆ ಮುರಿಯದ ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿ ಮುರಿಯುವುದು ಎಲ್ಲರಿಗೂ ತಿಳಿದ ಸಂಗತಿ. ರಾಡಿನ ಬೋಲ್ಟು ಮುರಿದರೆ ಬಿಡುಗಡೆಯಾದ ರಾಡು ಬ್ಲಾಕಿನ ಗೋಡೆಯನ್ನೇ ತೂರಿ ಹೊರಬೀಳುತ್ತದೆ. ಭಾರವೆಳೆಯುವ ಪಂದ್ಯಗಳಲ್ಲಿ ಯಂತ್ರದ ಎರಡು ಪಕ್ಕಕ್ಕೂ ರಕ್ಷೆಯ ತಗಡುಗಳಿರಬೇಕೆಂದು ವಿಧಿಸುವುದು ನೋಡುಗರ ಪ್ರಾಣರಕ್ಷಣೆಗಾಗಿ.

ತಿರುಚಿನ ವಿಚಾರ ಹೀಗೆ. ಆರು ಸಿಲಿಂಡರಿನ ಷಾಫ್ಟು ಉದ್ದವಾದದ್ದು. ಒಂದೊಂದು ಸಿಡಿತಕ್ಕೂ ಅದು ಸ್ವಲ್ಪ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಮೀಟಿದ ತಂತಿಗೆ ತನ್ನದೇ ಶ್ರುತಿಯಿರುವಂತೆ ಈ ಷಾಫ್ಟಿಗೂ ಒಂದು ಸಹಜವಾದ ಕಂಪನವುಂಟು. ಸಿಡಿತಗಳ ಲಯವು ಅದಕ್ಕೆ ಹೊಂದಿಕೊಂಡ ವೇಗದಲ್ಲಿ ಕಂಪನವು ಬೆಳೆಯುತ್ತ ಹೋಗಿ ಷಾಫ್ಟು ಸೀಳಬಹುದು. ಮುಂದುಗಡೆಯ ತುದಿಯಲ್ಲಿ ಇರುವ ಡ್ಯಾಂಪರು ಈ ಕಂಪನವನ್ನು ನುಂಗುವ ಅಂಗ. ತಯಾರಕರು ಉದ್ದೇಶಿಸದ ವೇಗಕ್ಕೆ ಯಂತ್ರವನ್ನು ಏರಿಸುವವರು, ಅಂಟಾದ ಸಿಲಿಕೋನ್ ದ್ರವವನ್ನು ಒಳಗಿಟ್ಟುಕೊಂಡ ಡ್ಯಾಂಪರನ್ನು ತೊಡಿಸುವುದು ಈ ಕಾರಣದಿಂದ.

೬. ಪೂರ್ವಪಕ್ಷ, ಸಿದ್ಧಾಂತ

‘ಇಷ್ಟೆಲ್ಲ ವಿಚಾರವೇಕೆ? ಪ್ರತಿಯೊಂದು ಅಂಗವನ್ನೂ ಅತ್ಯಂತ ಬಲವಾದ ಉಕ್ಕಿನಿಂದ ಮಾಡಿದರಾಯಿತು’ ಎಂಬುದು ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. ಬಲವೇ ಬೇರೆ, ಬಿಗುಪೇ ಬೇರೆ. ಮುರಿಯದಿರುವುದು ಬಲ, ಆಕಾರ ಕೆಡದಿರುವುದು ಬಿಗುಪು. ಬೇರಿಂಗಿಗೂ ಷಾಫ್ಟಿಗೂ ನಡುವೆ ಇರುವುದು ಎಣ್ಣೆಯ ತೆಳುವಾದ ಪೊರೆ. ಕ್ಯಾಪು ಮುರಿಯದೆ ಕೂದಲೆಳೆಯಷ್ಟು ಅಲುಗಿದರೂ ಆ ಪೊರೆಯು ಹರಿದು ಲೋಹಕ್ಕೆ ಲೋಹವು ಉಜ್ಜುತ್ತದೆ. ಆದುದರಿಂದ ಯಾವ ಅಂಗಕ್ಕೆ ಯಾವ ಕ್ರಿಯೆಯಿಂದ ಉಪದ್ರವವೋ ಆ ಕ್ರಿಯೆಗೆ ತಕ್ಕ ಪ್ರತೀಕಾರವೇ ಯುಕ್ತವೆಂಬುದು ಸಿದ್ಧಾಂತ.

ಮುಖ್ಯ ಕ್ಯಾಪಿನ ಎಳೆತಕ್ಕೆ ಪ್ರತೀಕಾರ: ಬೋಲ್ಟುಗಳನ್ನು ತೆಗೆದು ಹೆಚ್ಚು ಬಲವಾದ ಉಕ್ಕಿನ ಸ್ಟಡ್ಡುಗಳನ್ನು ಹಾಕುವುದು. ಬೋಲ್ಟನ್ನು ಬಿಗಿಯುವಾಗ ಎಳೆತದ ಜೊತೆಗೆ ತಿರುಚೂ ಸೇರುತ್ತದೆ, ಬ್ಲಾಕಿನ ಮರೆಯೂ ಸವೆಯುತ್ತದೆ. ಸ್ಟಡ್ಡು ಬ್ಲಾಕಿನಲ್ಲಿ ನಿಶ್ಚಲವಾಗಿ ನಿಂತಿರುತ್ತದೆ, ನಟ್ಟು ಮಾತ್ರ ತಿರುಗುತ್ತದೆ. ಇಲ್ಲಿನ ಮುಖ್ಯತತ್ತ್ವವನ್ನು ನಮ್ಮ ಬಂಡಿಯ ಗಾಲಿಯಲ್ಲಿ ಕಾಣಬಹುದು. ಕಬ್ಬಿಣದ ಪಟ್ಟೆಯನ್ನು ಕಾಯಿಸಿ ಗಾಲಿಗೆ ತೊಡಿಸುತ್ತಾರೆ; ತಣಿದಾಗ ಅದು ಗಾಲಿಯನ್ನು ಅವುಕಿ ಹಿಡಿಯುತ್ತದೆ; ರಸ್ತೆಯ ಪೆಟ್ಟು ಬೀಳುವ ಮೊದಲೇ ಹಿಡಿತವು ಸಿದ್ಧವಾಗಿರುತ್ತದೆ. ಹಾಗೆಯೇ ಸ್ಟಡ್ಡಿನ ಮುಂಗಡದ ಬಿಗಿತವು ಸಿಡಿತದ ಎಳೆತಕ್ಕಿಂತ ಹೆಚ್ಚಾಗಿದ್ದರೆ ಕ್ಯಾಪು ಬಿಚ್ಚಿಕೊಳ್ಳದು, ಎಳೆತದ ಏರಿಳಿತವೂ ಸ್ಟಡ್ಡಿಗೆ ಅಷ್ಟಾಗಿ ತಟ್ಟದು, ತಟ್ಟದಿದ್ದರೆ ಬಳಲಿಕೆಯಿಲ್ಲ. ಆದರೆ ಹೊಸ ಬಿಗಿತದಿಂದ ಬೇರಿಂಗಿನ ರಂಧ್ರದ ದುಂಡುತನವು ಕೆಡುವುದರಿಂದ, ಕ್ಯಾಪುಗಳನ್ನು ಬಿಗಿದ ಸ್ಥಿತಿಯಲ್ಲೇ ಏಳು ರಂಧ್ರಗಳನ್ನೂ ಒಂದೇ ರೇಖೆಗೆ ಮತ್ತೆ ತಿದ್ದಬೇಕು. ಇದನ್ನು ಬಿಟ್ಟವನು ಬಲವನ್ನು ಕೂಡಿಸಿ ಬೇರಿಂಗನ್ನು ಕಳೆದುಕೊಳ್ಳುತ್ತಾನೆ.

ಅಲುಗಾಟಕ್ಕೆ ಪ್ರತೀಕಾರ: ಎಲ್ಲ ಕ್ಯಾಪುಗಳನ್ನೂ ಒಂದಕ್ಕೊಂದು ಬಂಧಿಸುವ ಗರ್ಡಲ್ ಎಂಬ ಉಕ್ಕಿನ ಚೌಕಟ್ಟು. ಒಡ್ಯಾಣವೆಂದರೆ ಅರ್ಥವು ಸರಿಹೊಂದುತ್ತದೆ. ಇದು ಕೂಡಿಸುವುದು ಬಿಗುಪನ್ನು.

ರಾಡಿಗೆ ಎರಡು ಬಗೆಯ ಉಪದ್ರವವಿದ್ದುದರಿಂದ ಪ್ರತೀಕಾರವೂ ಎರಡು. ಬಾಗದಿರಲು ಬಡಿದು ಮಾಡಿದ ಮಿಶ್ರೋಕ್ಕಿನ ತೋರವಾದ ರಾಡು. ಎಳೆತಕ್ಕೆ ಉತ್ತಮವಾದ ಬೋಲ್ಟು. ಈ ಬೋಲ್ಟನ್ನು ಬಿಗಿಯುವಾಗ ಕೈಬಲವನ್ನಲ್ಲ, ಬೋಲ್ಟು ಎಷ್ಟು ಹಿಗ್ಗಿತೆಂಬುದನ್ನು ಅಳೆಯುವುದು ನಿಪುಣರ ಕ್ರಮ. ಬ್ಲಾಕಿನ ಗೋಡೆಗಳು ಅದುರದಂತೆ ನೀರಿನ ಹಾದಿಗಳಿಗೆ ಸಿಮೆಂಟಿನಂಥ ಗಾರೆಯನ್ನು ಸುರಿದು ತುಂಬುವವರೂ ಇದ್ದಾರೆ. ಪೂರ್ತಿ ತುಂಬಿದ ಯಂತ್ರವು ಕ್ಷಣಕಾಲದ ಪಂದ್ಯಕ್ಕೆ ಸಲ್ಲುತ್ತದೆಯೇ ಹೊರತು ರಸ್ತೆಯ ಓಡಾಟಕ್ಕಲ್ಲ.

ಲೋಹವನ್ನೇ ಮುಟ್ಟದೆ ಉಪಾಯ ಮಾಡಿದ ದೃಷ್ಟಾಂತವೊಂದುಂಟು. ಜನರಲ್ ಮೋಟಾರ್ಸ್ ಲಾರಿಗಳಲ್ಲಿ ೨೦೦೧ರ ಮಾದರಿಯಿಂದ ಬಂದ ೬.೬ ಲೀಟರಿನ ಡ್ಯುರಾಮ್ಯಾಕ್ಸ್ ಯಂತ್ರದಲ್ಲಿ ಎಂಟು ಸಿಲಿಂಡರುಗಳು ಎರಡು ಸಾಲಾಗಿವೆ. ಎರಡೆರಡು ರಾಡುಗಳು ಒಂದೇ ಕ್ರ್ಯಾಂಕ್ ಪಿನ್ನನ್ನು ಹಂಚಿಕೊಂಡಿವೆ. ಸಿಡಿತದ ಸರದಿ ೧, ೨, ೭, ೮, ೪, ೫, ೬, ೩ ಎಂದಿರುವುದರಿಂದ ಮುಂದಿನ ಪಿನ್ನಿಗೆ ಒಂದರ ಹಿಂದೆ ಒಂದಾಗಿ ಎರಡು ಪೆಟ್ಟು ಬೀಳುತ್ತದೆ. ಅಧಿಕ ಶಕ್ತಿಯಲ್ಲಿ ಈ ಯಂತ್ರದ ಷಾಫ್ಟುಗಳು ಮುರಿದುದನ್ನು ಕಂಡ ಶಿಲ್ಪಿಗಳು ಬೇರೆಯ ಕ್ಯಾಮ್ ಷಾಫ್ಟನ್ನು ಹಾಕಿ, ಒಂದು ಎರಡುಗಳು ಜೊತೆಯಾಗಿ ಬಾರದಂತೆ ಸರದಿಯನ್ನೇ ಬದಲಿಸಿದರು. ಕ್ರಮವೂ ಒಂದು ಬಗೆಯ ಬಲವೆಂಬುದಕ್ಕೆ ಇದು ನಿದರ್ಶನ.

೭. ಉಪಸಂಹಾರ

ಒಂದು ಅಂಗವನ್ನು ದೃಢಪಡಿಸಿದರೆ ದೋಷವು ನಾಶವಾಗುವುದಿಲ್ಲ, ಮುಂದಿನ ದುರ್ಬಲಸ್ಥಾನಕ್ಕೆ ಸರಿಯುತ್ತದೆ. ಮುಂದಿನ ಸ್ಥಾನವು ಯಾವುದೆಂದು ತಿಳಿಯಬೇಕಾದರೆ ಬಲವು ಹರಿಯುವ ದಾರಿಯನ್ನು ಹಿಡಿದು ನಡೆಯಬೇಕು. ಆ ದಾರಿಯಲ್ಲಿ ಒತ್ತು ಎಲ್ಲಿ ಎಳೆತವಾಯಿತು, ಎಳೆತವು ಎಲ್ಲಿ ಬಳಲಿಕೆಯಾಯಿತು ಎಂಬುದನ್ನು ಹೇಳಲು ಬೇರೆ ಬೇರೆ ಮಾತುಗಳಿರಬೇಕು. ಅನಿಲದ ವಿಷಯದಲ್ಲಿ ಮಾತ್ರ ‘ಒತ್ತಡ’ವನ್ನು ಉಳಿಸಿಕೊಂಡು, ಅಂಗಗಳ ವಿಷಯದಲ್ಲಿ ಒತ್ತು, ಎಳೆತ, ಬಾಗು, ತಿರುಚು, ಬಳಲಿಕೆ, ಬಲ, ಬಿಗುಪು ಎಂಬ ಏಳು ಮಾತುಗಳನ್ನು ನಿಯತವಾಗಿ ಬಳಸಿದರೆ ಸಂದಿಗ್ಧವು ಬಹಳಮಟ್ಟಿಗೆ ಪರಿಹಾರವಾಗುವುದು. ಇವುಗಳಲ್ಲಿ ಯಾವುದೂ ಹೊಸದಾಗಿ ಸೃಷ್ಟಿಸಿದ ಪದವಲ್ಲ. ಇರುವ ಮಾತುಗಳಿಗೆ ಒಂದೊಂದು ಅರ್ಥವನ್ನು ಗೊತ್ತುಮಾಡಿದ್ದಷ್ಟೆ. ಪಾಠ ಹೇಳುವವರೂ ಪರಿಭಾಷೆಯನ್ನು ರಚಿಸುವವರೂ ಈ ಸೂಚನೆಯನ್ನು ಪರೀಕ್ಷಿಸಿ, ಯುಕ್ತವೆಂದು ಕಂಡಷ್ಟನ್ನು ಸ್ವೀಕರಿಸಬೇಕೆಂದು ಪ್ರಾರ್ಥನೆ.