ನೀರಿನ ಅಳತೆಯೂ ತೂಕವೂ

ಬ್ರೆಡ್ಡು ಮಾಡುವ ಕ್ರಮವನ್ನು ತಿಳಿಸುವ ಪುಸ್ತಕವೊಂದರಲ್ಲಿ ‘ಗೋಧಿ ಹಿಟ್ಟು 500 ಗ್ರಾಂ, ನೀರು 325 ಗ್ರಾಂ’ ಎಂದು ಬರೆದಿದೆ ಎನ್ನೋಣ. ಹಿಟ್ಟು ಅರ್ಧ ಕಿಲೋಗ್ರಾಮಿನ ಪೊಟ್ಟಣದಲ್ಲಿಯೇ ದೊರೆಯುತ್ತದೆ. ನೀರನ್ನು ತೂಗಲು ಮನೆಯಲ್ಲಿ ತಕ್ಕಡಿಯಿಲ್ಲ. ಗೆರೆ ಹಾಕಿದ ಅಳತೆಯ ಲೋಟ ಮಾತ್ರ ಇದೆ. ಆ ಲೋಟದಲ್ಲಿ 325 ಮಿಲಿಲೀಟರಿನ ಗೆರೆಯವರೆಗೆ ನೀರು ತುಂಬಿದರೆ ಸಾಕು, ಕೆಲಸವಾಯಿತು. ಗಾತ್ರವನ್ನು ಸೂಚಿಸುವ ಅಂಕಿಯೇ ತೂಕವನ್ನೂ ಸೂಚಿಸುವುದು ಹೇಗೆ?

ಇದು ಪ್ರಕೃತಿಯ ಆಕಸ್ಮಿಕವಲ್ಲ, ಮನುಷ್ಯರು ಉದ್ದೇಶಪೂರ್ವಕವಾಗಿ ಮಾಡಿಕೊಂಡ ಏರ್ಪಾಡು. 1795ರಲ್ಲಿ ಫ್ರಾನ್ಸ್ ದೇಶದ ಶಾಸನವು, ಉದ್ದ, ಅಗಲ, ಎತ್ತರಗಳೆಲ್ಲ ಒಂದೊಂದು ಸೆಂಟಿಮೀಟರಾಗಿರುವ ಸ್ಥಳವನ್ನು ತುಂಬುವ ಶುದ್ಧ ಜಲದ ತೂಕಕ್ಕೆ ‘ಗ್ರಾಂ’ ಎಂದು ಹೆಸರಿಟ್ಟಿತು. ಆ ನೀರು ಕರಗುವ ಮಂಜುಗಡ್ಡೆಯಷ್ಟು ತಣ್ಣಗಿರಬೇಕೆಂಬುದು ಅಂದಿನ ನಿಬಂಧನೆ. 1799ರಲ್ಲಿ ಪ್ಲಾಟಿನಮ್ಮಿನಿಂದ ಕಿಲೋಗ್ರಾಮಿನ ಪ್ರಮಾಣ ತೂಕವನ್ನು ತಯಾರಿಸಿದಾಗ, ನೀರಿನ ಸಾಂದ್ರತೆ ಅತ್ಯಧಿಕವಾಗಿರುವ 4 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯನ್ನು ಆರಿಸಿಕೊಂಡರು. 2019ರಿಂದ ಈಚೆಗೆ ಕಿಲೋಗ್ರಾಮಿಗೆ ಆಧಾರವಾಗಿರುವುದು ನೀರೂ ಅಲ್ಲ, ಲೋಹದ ತುಂಡೂ ಅಲ್ಲ, ಪ್ಲಾಂಕ್ ಸ್ಥಿರಾಂಕ. ಆದರೂ ಅಡುಗೆಮನೆಯ ಮಟ್ಟಿಗೆ ಹಳೆಯ ನಂಟು ಕೆಟ್ಟಿಲ್ಲ.

ನಮ್ಮ ಹವೆಯಲ್ಲಿ ನೀರು 4 ಡಿಗ್ರಿಯಲ್ಲಿರುವುದಿಲ್ಲವಷ್ಟೆ. ಬಿಸಿಯೇರಿದಂತೆ ಅದು ಹಿಗ್ಗುವುದು. 30 ಡಿಗ್ರಿಯಲ್ಲಿ ಒಂದು ಲೀಟರು ನೀರಿನ ತೂಕ ಸುಮಾರು 996 ಗ್ರಾಂ. ಕೊರತೆ ಒಂದು ಸಣ್ಣ ಚಮಚದಷ್ಟೂ ಇಲ್ಲ. ಆದರೆ ಕುದಿಯುವ ನೀರನ್ನು ಲೀಟರಿನಲ್ಲಿ ಅಳೆದರೆ ದೊರೆಯುವುದು ಸುಮಾರು 958 ಗ್ರಾಂ ಮಾತ್ರ. ಆದುದರಿಂದ ತಣ್ಣೀರನ್ನು ಅಳೆದು ಆಮೇಲೆ ಕಾಯಿಸುವುದೇ ಲೇಸು.

ನೀರಿಗೆ ಸಲ್ಲುವ ಈ ಸುಲಭದ ಲೆಕ್ಕವನ್ನು ಇತರ ಪದಾರ್ಥಗಳಿಗೂ ಹಚ್ಚುವುದರಿಂದಲೇ ತೊಂದರೆ ಹುಟ್ಟುವುದು. ಒಂದು ಲೀಟರು ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಲೀಟರಿನ ಬೆಲೆಯನ್ನೂ ಕಿಲೋಗ್ರಾಮಿನ ಬೆಲೆಯನ್ನೂ ಹೋಲಿಸುವವರು ಇದನ್ನು ಮರೆಯಬಾರದು. ಅಕ್ಕಿಯ ವಿಷಯ ಇನ್ನೂ ಸ್ವಾರಸ್ಯವಾದುದು. ‘ಒಂದು ಪಾವು ಅಕ್ಕಿಗೆ ಎರಡು ಪಾವು ನೀರು’ ಎಂಬ ಮನೆಮನೆಯ ಲೆಕ್ಕ ಗಾತ್ರದ್ದು, ತೂಕದ್ದಲ್ಲ. ಅಕ್ಕಿಯ ಕಾಳು ನೀರಿನಲ್ಲಿ ಮುಳುಗುವಷ್ಟು ಭಾರವುಳ್ಳದ್ದಾದರೂ, ಕಾಳುಗಳ ನಡುವೆ ಗಾಳಿ ಸೇರಿಕೊಂಡಿರುವುದರಿಂದ ಒಂದು ಲೀಟರು ಅಕ್ಕಿ ಒಂದು ಕಿಲೋಗ್ರಾಂ ತೂಗುವುದಿಲ್ಲ. 800 ಗ್ರಾಂ ಎಂದಿಟ್ಟುಕೊಳ್ಳೋಣ. ಅಕ್ಕಿಯ ಜಾತಿಗೆ ತಕ್ಕಂತೆ ಇದು ತುಸು ಹೆಚ್ಚುಕಡಿಮೆಯಾದೀತು. ಈಗ ವಿದ್ಯಾರ್ಥಿನಿಲಯವೊಂದರಲ್ಲಿ 10 ಕಿಲೋಗ್ರಾಂ ಅಕ್ಕಿಗೆ ನೀರಿಡಬೇಕು. ಹತ್ತರ ಎರಡರಷ್ಟೆಂದು 20 ಲೀಟರು ಸುರಿದವನು ಗಾತ್ರದ ಲೆಕ್ಕವನ್ನು ತೂಕಕ್ಕೆ ಹಚ್ಚಿದಂತಾಯಿತು. ಆ ಅಕ್ಕಿಯ ಗಾತ್ರ 12.5 ಲೀಟರು, ಬೇಕಾದ ನೀರು 25 ಲೀಟರು. ದೊಡ್ಡ ಪಾತ್ರೆಯಲ್ಲಿ ಆವಿಯಾಗಿ ಹೋಗುವ ಪಾಲು ಕಡಿಮೆಯಾದುದರಿಂದ ನುರಿತ ಅಡುಗೆಯವರು ನೀರನ್ನು ಸ್ವಲ್ಪ ಹಿಡಿದೇ ಹಾಕುವರೆಂಬುದು ನಿಜ. ಆದರೆ ಐದರಲ್ಲೊಂದು ಪಾಲನ್ನೇ ಬಿಟ್ಟರೆ, ನೂರು ಎಲೆಗಳಿಗೆ ಬೀಳುವುದು ಅರೆಬೆಂದ ಅನ್ನ!

ನೀರಿನ ಈ ಗುಣವನ್ನು ತಿರುಗಿಸಿಯೂ ಬಳಸಬಹುದು. ಗೆರೆಯಿಲ್ಲದ ಪಾತ್ರೆಯೊಂದರ ಅಳತೆ ಗೊತ್ತಿಲ್ಲದಿದ್ದರೆ, ಬರಿಯ ಪಾತ್ರೆಯನ್ನು ಒಮ್ಮೆ, ತಣ್ಣೀರು ತುಂಬಿ ಮತ್ತೊಮ್ಮೆ ತೂಗಬೇಕು. ಎರಡು ತೂಕಗಳ ವ್ಯತ್ಯಾಸ 740 ಗ್ರಾಂ ಬಂದರೆ, ಅದು 740 ಮಿಲಿಲೀಟರು ಹಿಡಿಯುವ ಪಾತ್ರೆ.