ನಿಮಗಿದು ಗೊತ್ತೇ? ಜಿಪ್ಸಿ ಮಾರುವ ಮುನ್ನ

ಕಮ್ಮರಡಿ ಕಡೆ ಮಳೆಗಾಲದಲ್ಲಿ ತೋಟದ ಏರು ಹತ್ತುವ ಜಿಪ್ಸಿ ಮೂಲತಃ ಜಪಾನಿನ ಗಾಡಿ. ಸುಜುಕಿಯ ಮೊದಲ ಜಿಮ್ನಿ ಬಂದದ್ದು 1970ರಲ್ಲಿ. ಅದರ ಎರಡನೇ ಪೀಳಿಗೆಯೇ 1985ರಲ್ಲಿ ಇಲ್ಲಿ ಮಾರುತಿ ಜಿಪ್ಸಿಯಾಯಿತು. ಆ ಮೊದಲ ಜಿಪ್ಸಿಗೆ 970 ಸಿಸಿ ಎಂಜಿನ್, 1996ರ ಜಿಪ್ಸಿ ಕಿಂಗ್‌ಗೆ 1298 ಸಿಸಿ. ತೂಕ ಹೆಚ್ಚುಕಡಿಮೆ ಒಂದೇ ಟನ್. ರ‍್ಯಾಲಿಯವರಿಗೆ ಇದು ಅಚ್ಚುಮೆಚ್ಚಾದದ್ದು ಅದಕ್ಕೇ.

ರ‍್ಯಾಲಿ ನಮಗೆ ದೂರದ ಮಾತಲ್ಲ. 2016ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಒಂದು ಸುತ್ತು ನಡೆದದ್ದು ನಮ್ಮದೇ ಜಿಲ್ಲೆಯಲ್ಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ.

ಹೊಸ ಜಿಪ್ಸಿ ಈಗ ಶೋರೂಮಿನಲ್ಲಿ ಸಿಗುವುದಿಲ್ಲ. ಹಾಗಾಗಿ ಹಳೆಯದಕ್ಕೂ ಒಳ್ಳೆಯ ಗಿರಾಕಿ ಇದ್ದಾರೆ. ಆದರೆ ಲಿಫ್ಟ್ ಮಾಡಿಸಿದ್ದು, ಮಡ್ ಟೈರ್ ಹಾಕಿಸಿದ್ದು, ಸೈಲೆನ್ಸರ್ ಬದಲಿಸಿದ್ದು ಮಾರುವಾಗ ಬೆಲೆ ಹೆಚ್ಚಿಸುತ್ತದೆ ಎಂಬುದು ಅರ್ಧ ಸತ್ಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿ ಕಂಪನಿಯ ಮೂಲ ವಿವರಕ್ಕೆ ಹೊಂದಬೇಕು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಪ್ರತಿಯೊಂದಕ್ಕೂ ಎಂಬುದನ್ನು ಗಮನಿಸಿ.

ಬಿಚ್ಚಿಟ್ಟ ಮೂಲ ಸೈಲೆನ್ಸರನ್ನೂ ಸ್ಪ್ರಿಂಗ್ ಪಟ್ಟಿಯನ್ನೂ ಗುಜರಿಗೆ ಹಾಕಬೇಡಿ. ಬುದ್ಧಿವಂತ ಗಿರಾಕಿ ಮೊದಲು ಕೇಳುವುದು ಅದನ್ನೇ.

ಆರ್‌ಸಿಯಲ್ಲಿ ಇಂಧನ ಪೆಟ್ರೋಲ್ ಎಂದಿದೆ, ಬಾನೆಟ್ ಎತ್ತಿದರೆ ಡೀಸೆಲ್ ಎಂಜಿನ್. ಮಲೆನಾಡಿನಲ್ಲಿ ಇಂಥ ಜಿಪ್ಸಿ ಅಪರೂಪವಲ್ಲ. ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ನಮೂದಿಸದಿದ್ದರೆ ಟ್ರಾನ್ಸ್‌ಫರ್ ಅಲ್ಲೇ ನಿಲ್ಲಬಹುದು. ಬಣ್ಣ ಬದಲಿಸಿದ್ದರೂ ಆರ್‌ಸಿಯಲ್ಲಿ ಬರಬೇಕು. ಅರ್ಜಿಯ ಜೊತೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಕೇಳುತ್ತಾರೆ. ಕೆಸರು, ತುಕ್ಕು, ಮೇಲೆ ಬಳಿದ ಪೇಂಟ್ ಸೇರಿ ಅಂಕಿ ಮುಚ್ಚಿಹೋಗಿದ್ದರೆ ಮಾರುವ ಮಾತಿಗೆ ಮುಂಚೆಯೇ ತಿಕ್ಕಿ ನೋಡಿಕೊಳ್ಳಿ.

ಗಾಡಿ ಕೊಟ್ಟರೂ ಹೆಸರು ಬದಲಾಗದಿದ್ದರೆ ಏನಾಗುತ್ತದೆ ಗೊತ್ತೇ? 2007ರಲ್ಲಿ ಒಬ್ಬರು ಮಾರಿದ ಗಾಡಿ ಕೈಯಿಂದ ಕೈಗೆ ಹೋಗಿ 2009ರಲ್ಲಿ ಅಪಘಾತ ಮಾಡಿತು. ಆರ್‌ಸಿಯಲ್ಲಿ ಮಾತ್ರ ಮೊದಲನೆಯವರ ಹೆಸರೇ ಉಳಿದಿತ್ತು. ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದ್ದರಿಂದ 29 ಮತ್ತು 30ನೇ ಫಾರಂಗೆ ಸಹಿ ಹಾಕಿ ಕೊಟ್ಟೆ, ಇನ್ನು ಅವರು ನೋಡಿಕೊಳ್ಳುತ್ತಾರೆ ಎಂದು ದಯವಿಟ್ಟು ಸುಮ್ಮನಿರಬೇಡಿ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ನಮ್ಮ ಕೆಎ-18 ಗಾಡಿ ಹೊರರಾಜ್ಯಕ್ಕೆ ಹೋಗುವುದಾದರೆ ಎನ್‌ಒಸಿಯೂ ಬೇಕು. ಬ್ಯಾಂಕಿನ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುತ್ತದೆ, 35ನೇ ಫಾರಂ ಕೊಟ್ಟು ತೆಗೆಸಿ.

ಇನ್ಶೂರೆನ್ಸಿನಲ್ಲಿ ಸಿಕ್ಕ ನೋ ಕ್ಲೈಮ್ ಬೋನಸ್ ಗಾಡಿಯದಲ್ಲ, ನಿಮ್ಮದು. ಗರಿಷ್ಠ ಶೇ. 50ರವರೆಗಿನ ಆ ರಿಯಾಯಿತಿಯನ್ನು ನಿಮ್ಮ ಮುಂದಿನ ಗಾಡಿಗೆ ಬಳಸಬಹುದು. ಮಾರುವಾಗ ಕಂಪನಿಯಿಂದ ಪತ್ರ ಪಡೆದಿಟ್ಟುಕೊಳ್ಳಿ. ಬಹಳ ಜನ ಇದನ್ನು ಸುಮ್ಮನೆ ಬಿಟ್ಟುಕೊಡುತ್ತಾರೆ.

ಅಡಿಕೆ ಮಾರಿದ ಹಣ ಕೈಯಲ್ಲಿದೆ, ನಗದೇ ಕೊಡುತ್ತೇನೆ ಎನ್ನುವ ಗಿರಾಕಿ ಬರಬಹುದು. ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ. ದಂಡ ಬೀಳುವುದು ಪಡೆದವರಿಗೆ, ಪಡೆದಷ್ಟೇ ಮೊತ್ತದವರೆಗೆ. ಬ್ಯಾಂಕ್ ಮೂಲಕವೇ ತರಿಸಿಕೊಳ್ಳಿ. ಕೀ ಕೊಡುವಾಗ ಬರೆಸುವ ಚೀಟಿಯಲ್ಲಿ ದಿನಾಂಕದ ಜೊತೆ ಗಂಟೆ, ನಿಮಿಷವನ್ನೂ ಬರೆಸಿ.